ಮೋಟರ್‌ಹೋಮ್‌ನಲ್ಲಿ ವಿದೇಶ ಸುತ್ತಾಟ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟದ ಮನೆ. ನಾನು ಮತ್ತು ನಮ್ಮನೆಯವರು ಎರಡು ಸಲ ದೊಡ್ಡ ಪ್ರವಾಸ ಮಾಡಿದ್ದೇವೆ. ಮೊದಲು ನ್ಯೂಜಿಲೆಂಡ್, 26 ದಿನ. ಆಮೇಲೆ ಜರ್ಮನಿ, ಆಸ್ಟ್ರಿಯಾ, ಇಟಲಿ ಮತ್ತು ಸ್ವಿಟ್ಜರ್ಲೆಂಡ್, 41 ದಿನ. ಎರಡೂ ಸಲ ಬಾಡಿಗೆ ಮೋಟರ್‌ಹೋಮ್‌ನಲ್ಲಿ. ಬಂದ ಮೇಲೆ ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆಲ್ಲ ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ.

ಮೋಟರ್‌ಹೋಮ್‌ಗೂ ಕಾರವಾನ್‌ಗೂ ಏನು ವ್ಯತ್ಯಾಸ?

ಕಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿಕೊಂಡು ಎಳೆಯುವ ಮನೆ. ಮೋಟರ್‌ಹೋಮ್‌ಗೆ ತನ್ನದೇ ಎಂಜಿನ್ ಇರುತ್ತದೆ. ಮಿನಿ ಬಸ್ಸಿನೊಳಗೆ ಹಾಸಿಗೆ, ಒಲೆ, ಫ್ರಿಜ್, ಸಿಂಕು, ಟಾಯ್ಲೆಟ್ ಎಲ್ಲ ಜೋಡಿಸಿದ ಹಾಗೆ ಅಂದುಕೊಳ್ಳಿ. ಹೊಸಬರಿಗೆ ಮೋಟರ್‌ಹೋಮ್ ಸುಲಭ. ಹಿಂದೊಂದು ಗಾಡಿ ಕಟ್ಟಿಕೊಂಡು ರಿವರ್ಸ್ ತೆಗೆಯುವುದು ಬೇರೆಯೇ ವಿದ್ಯೆ.

ತೋಟ ಬಿಟ್ಟು ಯಾವಾಗ ಹೋಗುವುದು?

ನಮ್ಮ ಕಡೆಯವರು ಮೊದಲು ಕೇಳುವುದೇ ಇದು. ಕೇಳಬೇಕಾದದ್ದೂ ಇದನ್ನೇ. ಕೊಯ್ಲು, ಸುಲಿತ, ಒಣಗಿಸುವುದು ಎಲ್ಲ ಮುಗಿದು ಕೈ ಬಿಡುವಾಗುವುದು ಫೆಬ್ರವರಿಯ ಹೊತ್ತಿಗೆ. ಆಗ ನ್ಯೂಜಿಲೆಂಡಿನಲ್ಲಿ ಬೇಸಿಗೆಯ ಕೊನೆ. ಹಗಲು ಉದ್ದ, ಶಾಲೆಗಳು ಶುರುವಾಗಿರುವುದರಿಂದ ಡಿಸೆಂಬರ್, ಜನವರಿಯಷ್ಟು ನೂಕುನುಗ್ಗಲು ಇಲ್ಲ. ಅಡಿಕೆ ಬೆಳೆಗಾರರಿಗೆ ಇಷ್ಟು ಚೆನ್ನಾಗಿ ಹೊಂದುವ ದೇಶ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಯುರೋಪಿಗೆ ಮೇ ತಿಂಗಳು ಅಥವಾ ಸೆಪ್ಟೆಂಬರ್ ಒಳ್ಳೆಯದು. ಮೇ ಅಂದರೆ ಕೊಳೆರೋಗಕ್ಕೆ ಮೊದಲ ಸಲದ ಬೋರ್ಡೋ ದ್ರಾವಣ ಹೊಡೆಸುವ ಮುಂಚೆ ವಾಪಸ್ ಬಂದಿರಬೇಕು. ನಾವು ಏಪ್ರಿಲ್ ಮೂರನೇ ವಾರ ಹೊರಟು ಮೇ ಕೊನೆಗೆ ಬಂದೆವು. ಆದರೆ ಆ ಕಾಲದಲ್ಲಿ ಆಲ್ಪ್ಸ್‌ನ ಎತ್ತರದ ಘಾಟಿಗಳಲ್ಲಿ ಕೆಲವು ಹಿಮದಿಂದಾಗಿ ಇನ್ನೂ ತೆರೆದಿರುವುದಿಲ್ಲ. ಅದಕ್ಕೆ ಸಿದ್ಧರಾಗಿರಿ. ತೋಟಕ್ಕೆ ನೀರು ಬಿಡಲು ನಂಬಿಕೆಯ ಒಬ್ಬರು ಇಲ್ಲದಿದ್ದರೆ ಮಾತ್ರ ಹೊರಡಬೇಡಿ. ಅಲ್ಲಿ ಹೋದರೂ ಮನಸ್ಸೆಲ್ಲ ಇಲ್ಲೇ ಇರುತ್ತದೆ.

ಮೊದಲ ಸಲ ಯಾವ ದೇಶ ಒಳ್ಳೆಯದು?

ನ್ಯೂಜಿಲೆಂಡ್. ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ. ಬೋರ್ಡು, ಕಾಗದ, ಮಾತು ಎಲ್ಲ ಇಂಗ್ಲಿಷಿನಲ್ಲಿ. ಆಸ್ಟ್ರೇಲಿಯಾದಲ್ಲೂ ಎಡಗಡೆಯೇ, ಆದರೆ ಊರಿಂದೂರಿಗೆ ದೂರ ಜಾಸ್ತಿ. ಅಮೆರಿಕ, ಯುರೋಪಿನ ಬಹುಪಾಲು ದೇಶಗಳಲ್ಲಿ ಬಲಗಡೆ.

ಯಾವ ಲೈಸೆನ್ಸ್ ಬೇಕು?

ನಿಮ್ಮ ಕಾರಿನ ಲೈಸೆನ್ಸ್, ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ. ಇದನ್ನು ಐಡಿಪಿ ಅನ್ನುತ್ತಾರೆ. ನಮಗೆ ಶಿವಮೊಗ್ಗದ ಆರ್‌ಟಿಓ ಕಚೇರಿಯಲ್ಲೇ ಸಿಕ್ಕಿತು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಇದು ನಿಮ್ಮ ಲೈಸೆನ್ಸಿನ ಅನುವಾದ ಇದ್ದ ಹಾಗೆ, ಅಷ್ಟೇ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಇದಕ್ಕೆ ಬೆಲೆಯಿಲ್ಲ.

ಗಂಡ, ಹೆಂಡತಿ ಇಬ್ಬರೂ ಓಡಿಸುವವರಾದರೆ ಇಬ್ಬರೂ ಮಾಡಿಸಿ, ಇಬ್ಬರ ಹೆಸರನ್ನೂ ಬಾಡಿಗೆ ಕರಾರಿಗೆ ಸೇರಿಸಿ. ಕರಾರಿನಲ್ಲಿ ಹೆಸರಿಲ್ಲದವರು ಓಡಿಸುವಾಗ ಏನಾದರೂ ಆದರೆ ವಿಮೆ ಕೈಕೊಡುತ್ತದೆ.

ಯುರೋಪಿನ ವೀಸಾಕ್ಕೆ ಹೋಟೆಲ್ ಬುಕಿಂಗ್ ಕೇಳುತ್ತಾರಲ್ಲ, ಮೋಟರ್‌ಹೋಮ್‌ನಲ್ಲಿ ಇರುವವರು ಏನು ಕೊಡಬೇಕು?

ನಾವು ಬಾಡಿಗೆ ಕರಾರು, ದಿನದ ಲೆಕ್ಕದಲ್ಲಿ ಬರೆದ ದಾರಿ ಮತ್ತು ಮುಂಗಡ ಕಾಯ್ದಿರಿಸಿದ ಕ್ಯಾಂಪ್‌ಸೈಟ್‌ಗಳ, ಅಂದರೆ ದುಡ್ಡು ಕೊಟ್ಟು ಗಾಡಿ ನಿಲ್ಲಿಸಿ ತಂಗುವ ಜಾಗಗಳ, ರಸೀದಿ ಕೊಟ್ಟೆವು. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬರಬೇಕಾಯಿತು. ಷೆಂಗೆನ್ ಒಪ್ಪಂದದಲ್ಲಿ ಈಗ 29 ದೇಶಗಳಿವೆ. ಒಂದೇ ವೀಸಾದಲ್ಲಿ ಅವೆಲ್ಲವನ್ನೂ ಸುತ್ತಬಹುದು. ಬ್ರಿಟನ್, ಐರ್ಲೆಂಡ್ ಅದರಲ್ಲಿ ಇಲ್ಲ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಹೊರಡುವ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಗ ಹಾಕಿ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆಯೂ ಬೇಕು.

ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು ಅನ್ನುವುದು ನಿಯಮದ ಗರಿಷ್ಠ ಮಿತಿ. ನಿಮಗೆ ಲೆಕ್ಕಕ್ಕೆ ಬರುವುದು ನಿಮ್ಮ ವೀಸಾ ಚೀಟಿಯಲ್ಲಿ ಅಚ್ಚಾದ ದಿನಗಳು. ಅದು 45 ಅಂತ ಇದ್ದರೆ 45, ಒಂದು ದಿನವೂ ಹೆಚ್ಚಿಲ್ಲ.

ನಮ್ಮದೇ ಗಾಡಿ ತೆಗೆದುಕೊಂಡು ಹೋಗಬಹುದಾ?

ಹೋದವರಿದ್ದಾರೆ. ಹೆಚ್ಚಿನ ಕಡೆ ಕಾರ್ನೆ ಎಂಬ ಸುಂಕದ ದಾಖಲೆ ಬೇಕು. ಗಾಡಿಯನ್ನು ಅಲ್ಲಿ ಮಾರದೆ ವಾಪಸ್ ತರುತ್ತೇವೆ ಅನ್ನುವುದಕ್ಕೆ ಅದು ಖಾತರಿ. ಅದಕ್ಕೆ ದೊಡ್ಡ ಮೊತ್ತದ ಭದ್ರತೆ ಕೇಳುತ್ತಾರೆ. ಒಂದು ತಿಂಗಳು, ಎರಡು ತಿಂಗಳ ಪ್ರವಾಸಕ್ಕೆ ಬಾಡಿಗೆಯೇ ಸರಿ.

ಎಷ್ಟು ದೊಡ್ಡ ಗಾಡಿ ತೆಗೆದುಕೊಳ್ಳಬೇಕು?

ಯುರೋಪಿನಲ್ಲಿ ಕಾರಿನ ಲೈಸೆನ್ಸಿಗೆ ಒಟ್ಟು ತೂಕ 3,500 ಕೆಜಿ ಮಿತಿ. ಬಾಡಿಗೆಗೆ ಸಿಗುವ ಬಹುಪಾಲು ಗಾಡಿಗಳು ಈ ಮಿತಿಯೊಳಗೇ ಇರುತ್ತವೆ. ಆದರೆ ಈ 3,500 ಕೆಜಿಯಲ್ಲಿ ಜನ, ನೀರು, ಸಾಮಾನು ಎಲ್ಲ ಸೇರಿತು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. 100 ಲೀಟರ್ ಟ್ಯಾಂಕ್ ತುಂಬಿಸಿದರೆ ಒಂದು ಕ್ವಿಂಟಲ್ ಅಲ್ಲಿಗೇ ಹೋಯಿತು. ನಾಲ್ಕು ಜನ, ನಾಲ್ಕು ಸೂಟ್‌ಕೇಸ್, ಅಕ್ಕಿ ಚೀಲ ಅಂತ ಹಾಕುತ್ತಾ ಹೋದರೆ ಮಿತಿ ದಾಟಿದ್ದೇ ಗೊತ್ತಾಗುವುದಿಲ್ಲ.

ಗಟ್ಟಿ ಸೂಟ್‌ಕೇಸ್ ಒಯ್ಯಬೇಡಿ. ಖಾಲಿ ಮಾಡಿದ ಮೇಲೂ ಅದಕ್ಕೆ ಒಳಗೆ ಜಾಗ ಇರುವುದಿಲ್ಲ. ಮಡಿಸಿಡುವ ಬಟ್ಟೆಯ ಬ್ಯಾಗೇ ಸರಿ. ಇಬ್ಬರಿಗೆ 6 ಮೀಟರ್ ಉದ್ದದ ಗಾಡಿ ಸಾಕು. ಮಕ್ಕಳಿದ್ದರೆ 7 ಮೀಟರಿನದು.

ಗಾಡಿ ಕೈಗೆ ತೆಗೆದುಕೊಳ್ಳುವಾಗ ಏನು ನೋಡಬೇಕು?

ಮೊದಲ ಪ್ರವಾಸದಲ್ಲಿ ನಾವು ಇಲ್ಲಿ ತಪ್ಪಿದೆವು. ನಾಲ್ಕೂ ಬದಿಯ ಫೋಟೋ ತೆಗೆದಿದ್ದೆವು. ಮೇಲ್ಛಾವಣಿಯ ಫೋಟೋ ತೆಗೆದಿರಲಿಲ್ಲ. ವಾಪಸ್ ಕೊಡುವಾಗ ಬಾಡಿಗೆ ಕಂಪನಿಯವರು ಏಣಿ ಹಾಕಿ ಹತ್ತಿದರು. ಬೆಳಕಿಂಡಿಯ ಮುಚ್ಚಳದ ಮೂಲೆಯಲ್ಲಿ ಒಂದು ಬಿರುಕು ಇತ್ತು. ಬಿರುಕಿನೊಳಗೆ ಹಸಿರು ಪಾಚಿ ಕಟ್ಟಿತ್ತು. ಪಾಚಿ 26 ದಿನದಲ್ಲಿ ಹಾಗೆ ಕಟ್ಟುತ್ತದಾ ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಹತ್ತಿರ ಪುರಾವೆ ಇರಲಿಲ್ಲ. ಠೇವಣಿಯಲ್ಲಿ ಹಣ ಹಿಡಿದುಕೊಂಡರು.

ಎರಡನೇ ಸಲ ಪೂರ್ತಿ ವಿಡಿಯೋ ಮಾಡಿದೆವು. ಛಾವಣಿ, ಗಾಜು, ನಾಲ್ಕೂ ಟೈರು, ಚಕ್ರದ ಮುಚ್ಚಳ, ಒಳಗಿನ ಡ್ರಾಯರ್, ಚಪ್ಪರದ ಬಟ್ಟೆ, ಮೀಟರಿನ ಕಿಲೋಮೀಟರ್. ಛಾವಣಿ, ಗಾಜು, ಟೈರಿನ ಹಾನಿಯನ್ನು ಸಾಮಾನ್ಯ ವಿಮೆ ಎಷ್ಟೋ ಕಡೆ ಭರಿಸುವುದಿಲ್ಲ. ಕರಾರಿನಲ್ಲಿ ಅದನ್ನೇ ಮೊದಲು ಓದಿ. ಗ್ಯಾಸ್ ವಾಲ್ವ್ ಎಲ್ಲಿದೆ, ಮಲಿನ ನೀರು ಬಿಡುವ ಹಿಡಿ ಎಲ್ಲಿದೆ, ಟಾಯ್ಲೆಟ್ ಪೆಟ್ಟಿಗೆ ಹೇಗೆ ಎಳೆಯುವುದು, ಎಲ್ಲವನ್ನೂ ಅವರ ಎದುರೇ ಒಂದು ಸಲ ಮಾಡಿ ನೋಡಿ. ಠೇವಣಿ ದೊಡ್ಡ ಮೊತ್ತ. ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಿನಲ್ಲೇ ಇರಬೇಕು ಅನ್ನುತ್ತಾರೆ, ಮಿತಿಯೂ ಸಾಕಷ್ಟಿರಲಿ.

ಬಲಗಡೆ ಓಡಿಸುವುದು ಕಷ್ಟವಾ? ಆಲ್ಪ್ಸ್ ಘಾಟಿ ಹೇಗೆ?

ಮುಖ್ಯ ರಸ್ತೆಯಲ್ಲಿ ಕಷ್ಟವಿಲ್ಲ, ಎಲ್ಲರ ಹಿಂದೆ ಹೋಗುತ್ತೀರಿ. ತಪ್ಪುವುದು ಬೆಳಿಗ್ಗೆ ಕ್ಯಾಂಪ್‌ಸೈಟಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ಎದುರು ಯಾರೂ ಇರುವುದಿಲ್ಲ, ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ನಮ್ಮನೆಯವರು ಗೇರ್ ಹಾಕಿದ ಕೂಡಲೇ ನಾನು ಗಟ್ಟಿಯಾಗಿ "ಬಲ" ಅನ್ನುತ್ತಿದ್ದೆ. 41 ದಿನವೂ ಅಂದೆ. ವೃತ್ತದಲ್ಲಿ ಎಡದಿಂದ ಬರುವವರಿಗೆ ಮೊದಲು ದಾರಿ.

ಘಾಟಿಯ ಮಟ್ಟಿಗೆ ನಾವು ಅದೃಷ್ಟವಂತರು. ಆಗುಂಬೆಯಲ್ಲಿ ಮಂಜು ಕವಿದಾಗ ಇಳಿದವರಿಗೆ ತಿರುವು ಹೊಸದಲ್ಲ. ಹತ್ತುವ ಗೇರಿನಲ್ಲೇ ಇಳಿಯಿರಿ. ಎಂಜಿನ್ ಹಿಡಿದುಕೊಳ್ಳಲಿ, ಬ್ರೇಕ್ ಆಗಾಗ ಮಾತ್ರ. ಮೂರೂವರೆ ಟನ್ ಗಾಡಿಯನ್ನು ಬರೀ ಬ್ರೇಕಿನಲ್ಲಿ ಇಳಿಸಿದರೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆ 2,500 ಮೀಟರ್ ದಾಟಿ ಏರುತ್ತದೆ, ಆದರೆ ಅಗಲವಾಗಿದೆ. ಇಟಲಿಯ ಸ್ಟೆಲ್ವಿಯೋ ಘಾಟಿಗೆ ಒಂದೇ ಬದಿಯಲ್ಲಿ 48 ತಿರುವು. ಮೋಟರ್‌ಹೋಮ್‌ನಲ್ಲಿ ಅಲ್ಲಿಗೆ ಹೋಗಬೇಡಿ ಅನ್ನುತ್ತೇನೆ. ಅಮೆರಿಕದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಘಾಟಿ ರಸ್ತೆಯಲ್ಲಿ 21 ಅಡಿಗಿಂತ ಉದ್ದದ ಗಾಡಿಗಳನ್ನು ಬಿಡುವುದೇ ಇಲ್ಲ.

ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಎದುರು ಅಂಟಿಸಿ. ಸುಮಾರು 3 ಮೀಟರ್ ಇರುತ್ತದೆ. ಅಂಗಡಿಗಳ ಪಾರ್ಕಿಂಗ್ ಕಮಾನು ಎಷ್ಟೋ ಕಡೆ 2 ಮೀಟರ್ ಮಾತ್ರ.

ದಿನಕ್ಕೆ ಎಷ್ಟು ಕಿಲೋಮೀಟರ್ ಹೋಗಬಹುದು?

ನಾವು 200 ದಾಟುತ್ತಿರಲಿಲ್ಲ. ಪ್ರತಿ ನಾಲ್ಕನೇ ದಿನ ಗಾಡಿ ಅಲುಗಾಡಿಸುತ್ತಲೇ ಇರಲಿಲ್ಲ. ಬಟ್ಟೆ ಒಗೆಯುವುದು, ಟ್ಯಾಂಕ್ ಖಾಲಿ ಮಾಡುವುದು, ಸುಮ್ನೆ ಹೊಳೆ ದಂಡೆಯಲ್ಲಿ ಕೂರುವುದು ಆ ದಿನದ ಕೆಲಸ. ಹತ್ತು ದಿನದ ಪ್ರವಾಸದಲ್ಲಿ ಓಡಬಹುದು. ನಲವತ್ತು ದಿನ ಓಡಿದರೆ ಗಂಡ ಹೆಂಡತಿಗೆ ಜಗಳ ಗ್ಯಾರಂಟಿ.

ಕತ್ತಲಾಗುವ ಮುಂಚೆ ನಿಲ್ಲಿಸಿ. ನಾಲ್ಕು ಗಂಟೆಗೆ ತಲುಪಿದರೆ ಸಮತಟ್ಟಾದ ಜಾಗ ಸಿಗುತ್ತದೆ. ಇಲ್ಲದಿದ್ದರೆ ಚಕ್ರದ ಕೆಳಗೆ ಬೆಣೆ ಹಾಕಿ ಮಟ್ಟ ಮಾಡಿಕೊಳ್ಳಬೇಕು. ಗಾಡಿ ಓರೆಯಾಗಿದ್ದರೆ ತಲೆ ಭಾರವಾಗುತ್ತದೆ, ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಕೂಡ ಸರಿಯಾಗಿ ತಣ್ಣಗಾಗುವುದಿಲ್ಲ. ಮಟ್ಟ ನೋಡಲು ಒಲೆಯ ಮೇಲೆ ತಟ್ಟೆಯಲ್ಲಿ ಸ್ವಲ್ಪ ನೀರು ಇಟ್ಟರೆ ಸಾಕು.

ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದಾ?

ಇಲ್ಲ. ಜರ್ಮನಿಯಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿ ಸಾಮಾನ್ಯ ಪಾರ್ಕಿಂಗ್‌ನಲ್ಲಿ ಮಲಗಬಹುದು. ಕುರ್ಚಿ, ಮೇಜು ಹೊರಗೆ ಹಾಕಿದರೆ ಅದು ಬಿಡಾರ ಹೂಡಿದ ಲೆಕ್ಕ, ಅದಕ್ಕೆ ಬಿಡುವುದಿಲ್ಲ. ಅಲ್ಲೇ ಊರೂರಲ್ಲಿ ಸ್ಟೆಲ್‌ಪ್ಲಾಟ್ಸ್ ಅನ್ನುವ ಮೋಟರ್‌ಹೋಮ್ ತಂಗುದಾಣಗಳಿವೆ, ದರ ಕ್ಯಾಂಪ್‌ಸೈಟಿಗಿಂತ ಕಡಿಮೆ. ಐಸ್‌ಲೆಂಡಿನಲ್ಲಿ ಕ್ಯಾಂಪ್‌ಸೈಟಿನಲ್ಲೇ ತಂಗಬೇಕು. ನ್ಯೂಜಿಲೆಂಡಿನಲ್ಲಿ ಪುಕ್ಕಟೆ ಜಾಗಗಳಿವೆ. ಆದರೆ ಗಾಡಿಯೊಳಗೆ ಕದಲಿಸಲಾಗದ ಟಾಯ್ಲೆಟ್, ಮಲಿನ ನೀರಿನ ಟ್ಯಾಂಕ್ ಇದ್ದು ಅದಕ್ಕೆ ಪ್ರಮಾಣಪತ್ರ ಇರಬೇಕು. ಇಲ್ಲದೆ ನಿಂತರೆ ದಂಡ.

ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ರಾತ್ರಿ ಮಲಗಬೇಡಿ. ಲಾರಿ ಸದ್ದು ಒಂದು, ಕಳ್ಳತನದ ಭಯ ಇನ್ನೊಂದು.

ನೀರು, ಟಾಯ್ಲೆಟ್ ಹೇಗೆ? ನಿಜ ಹೇಳಿ.

ನಿಜವನ್ನೇ ಹೇಳುತ್ತೇನೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಟಾಯ್ಲೆಟ್ ಕೆಳಗೆ ಒಂದು ಪೆಟ್ಟಿಗೆ ಇರುತ್ತದೆ, ಸುಮಾರು 18 ರಿಂದ 20 ಲೀಟರ್. ಹೊರಗಿನ ಸಣ್ಣ ಬಾಗಿಲು ತೆರೆದು ಎಳೆದುಕೊಂಡು, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆಯಬೇಕು. ಕಾಗದ ಬಳಸುವವರು ಇಬ್ಬರಿದ್ದರೆ ಎರಡು ಮೂರು ದಿನ ಬರುತ್ತದೆ. ನಮ್ಮ ಹಾಗೆ ನೀರು ಬಳಸಿದರೆ ಒಂದೂವರೆ ದಿನ. ಚೊಂಬಿನ ಬದಲು ಒತ್ತಿದರೆ ನೀರು ಚಿಮ್ಮುವ ಸಣ್ಣ ಬಾಟಲಿ ಒಯ್ಯಿರಿ, ಕಾಲು ಲೀಟರಿನಲ್ಲಿ ಕೆಲಸ ಆಗುತ್ತದೆ. ಸಾಧ್ಯವಾದಾಗ ಕ್ಯಾಂಪ್‌ಸೈಟಿನ ಶೌಚಾಲಯವನ್ನೇ ಬಳಸಿ. ಪೆಟ್ಟಿಗೆ ತುಂಬಿದ್ದನ್ನು ತೋರಿಸುವ ಕೆಂಪು ದೀಪ ಹತ್ತುವವರೆಗೆ ಕಾಯಬೇಡಿ. ತುಂಬಿದ ಪೆಟ್ಟಿಗೆ ಹತ್ತೊಂಬತ್ತು ಇಪ್ಪತ್ತು ಕೆಜಿ ಭಾರ, ಹೊರುವಾಗ ತುಳುಕುತ್ತದೆ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಖಾಲಿ ಮಾಡುವುದು ನಮ್ಮ ರೂಢಿ.

ಪಾತ್ರೆ, ಸ್ನಾನದ ನೀರು ಬೇರೆ ಟ್ಯಾಂಕಿಗೆ ಹೋಗುತ್ತದೆ. ಅದನ್ನು ಚರಂಡಿಗೋ ಹೊಲದ ಬದಿಗೋ ಬಿಡಬಾರದು, ನೆಲದಲ್ಲಿ ಜಾಲರಿ ಹಾಕಿದ ಜಾಗ ಇರುತ್ತದೆ, ಅಲ್ಲೇ ಬಿಡಬೇಕು. ನಮ್ಮ ತುಂಗೆಗೆ ಯಾರಾದರೂ ಹಾಗೆ ಬಿಟ್ಟರೆ ನಮಗೆ ಹೊಟ್ಟೆ ಉರಿಯುತ್ತದೆ ಅಲ್ವಾ? ಅನ್ನದ ಅಗಳು, ಎಣ್ಣೆ ಸಿಂಕಿಗೆ ಹೋಗದಂತೆ ತಟ್ಟೆ ಮೊದಲು ಒರೆಸಿ. ಮೂರೇ ದಿನದಲ್ಲಿ ವಾಸನೆ ಬರುವುದು ಅದರಿಂದಲೇ. ಬಿಸಿನೀರಿನ ಬಾಯ್ಲರ್ ಹತ್ತು ಲೀಟರ್ ಆಸುಪಾಸು. ಬಚ್ಚಲ ಹಂಡೆಯ ನೀರನ್ನು ಮೊಗೆಮೊಗೆದು ಸುರಿದುಕೊಂಡು ಬೆಳೆದವರಿಗೆ ಇದೊಂದು ನಿಜಕ್ಕೂ ಕಷ್ಟ. ಮೈ ಒದ್ದೆ ಮಾಡಿ, ನಲ್ಲಿ ಮುಚ್ಚಿ, ಸೋಪು ಹಚ್ಚಿ, ಮತ್ತೆ ತೆರೆಯಿರಿ.

ಅಡುಗೆ ಮಾಡಬಹುದಾ? ಗ್ಯಾಸ್ ಎಲ್ಲಿ ಸಿಗುತ್ತದೆ?

ಖಂಡಿತ ಮಾಡಬಹುದು. ಎರಡು ಲೀಟರಿನ ಕುಕ್ಕರ್ ಇಲ್ಲಿಂದಲೇ ಒಯ್ಯಿರಿ. ಅದರಿಂದ ಗ್ಯಾಸೂ ಉಳಿಯುತ್ತದೆ, ಒಳಗೆ ಹಬೆಯೂ ಕಡಿಮೆ. ಹಬೆ ಜಾಸ್ತಿಯಾದರೆ ಬೆಳಿಗ್ಗೆ ಕಿಟಕಿಯಿಂದ ನೀರು ಇಳಿದು ಹಾಸಿಗೆಯ ಅಂಚು ಒದ್ದೆಯಾಗುತ್ತದೆ, ಥೇಟ್ ಆಷಾಢದ ಮಳೆಯಲ್ಲಿ ನಮ್ಮ ಮನೆಯ ಗೋಡೆಯ ಹಾಗೆ. ಒಗ್ಗರಣೆಗೆ ಮುಂಚೆ ಛಾವಣಿಯ ಕಿಂಡಿ ತೆರೆದು, ಮುಚ್ಚಳ ಕೈಯಲ್ಲಿ ಹಿಡಿದಿರಿ. ಹಾಸಿಗೆ ಎರಡೇ ಹೆಜ್ಜೆ ದೂರ, ಸಾಸಿವೆ ಅಲ್ಲಿಯವರೆಗೂ ಹಾರುತ್ತದೆ. ಹೊಗೆ ಎಚ್ಚರಿಕೆ ಗಂಟೆಯೂ ಕೂಗುತ್ತದೆ. ಕೂಗಿದರೆ ಬಾಗಿಲು ತೆರೆಯಿರಿ, ಗಂಟೆ ಮಾತ್ರ ಕಿತ್ತುಹಾಕಬೇಡಿ. ಮೈ ಬೆಚ್ಚಗಾಗಲಿ ಅಂತ ಒಲೆ ಹಚ್ಚಿಟ್ಟು ಮಲಗುವುದಂತೂ ಬೇಡವೇ ಬೇಡ. ವಿಷಗಾಳಿ ಗೊತ್ತಾಗದ ಹಾಗೆ ಪ್ರಾಣ ತೆಗೆಯುತ್ತದೆ.

ಸಿಲಿಂಡರಿನ ಬಾಯಿ ಯುರೋಪಿನಲ್ಲಿ ದೇಶಕ್ಕೊಂದು ತರಹ. ಜರ್ಮನಿಯಲ್ಲಿ ಪಡೆದದ್ದನ್ನು ಇಟಲಿಯಲ್ಲಿ ಬದಲಿಸಿಕೊಡುವುದಿಲ್ಲ. ಗಡಿ ದಾಟುವ ಮುಂಚೆಯೇ ಬದಲಿಸಿ. ಚಳಿ ಇರುವ ಕಡೆ ಪ್ರೊಪೇನ್ ಕೇಳಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ನಿಲ್ಲುತ್ತದೆ, ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ.

ಮಿಕ್ಸಿ, ಇಂಡಕ್ಷನ್ ನಡೆಯುತ್ತದಾ?

ಕ್ಯಾಂಪ್‌ಸೈಟಿನ ಕರೆಂಟಿಗೆ ತಂತಿ ಸೇರಿಸಿದಾಗ ಮಾತ್ರ. ಅಲ್ಲಿ 6 ಆಂಪಿಯರ್ ಕೊಟ್ಟಿದ್ದರೆ 230 ವೋಲ್ಟಿಗೆ ಗುಣಿಸಿ, 1,380 ವ್ಯಾಟ್ ಆಯಿತು. ನಮ್ಮ 2,000 ವ್ಯಾಟ್ ಇಂಡಕ್ಷನ್ ಜೋರಾಗಿ ಇಟ್ಟ ಕೂಡಲೇ ಫ್ಯೂಸ್ ಬೀಳುತ್ತದೆ. 750 ವ್ಯಾಟಿನ ಮಿಕ್ಸಿಗೆ ತೊಂದರೆಯಿಲ್ಲ, ಆದರೆ ಆಗ ಹೀಟರ್ ಆರಿಸಿ. ತಂತಿಯನ್ನು ಸುರುಳಿಯಲ್ಲೇ ಬಿಡದೆ ಪೂರ್ತಿ ಬಿಚ್ಚಿ, ಸುತ್ತಿಟ್ಟರೆ ಬಿಸಿಯಾಗಿ ಕರಗುತ್ತದೆ. ಕ್ಯಾಂಪ್‌ಸೈಟ್ ಹೊರಗೆ ಗಾಡಿಯ 12 ವೋಲ್ಟ್ ಬ್ಯಾಟರಿಯಲ್ಲಿ ದೀಪ, ನೀರಿನ ಪಂಪು, ಫೋನ್ ಚಾರ್ಜ್, ಅಷ್ಟಕ್ಕೇ ತೃಪ್ತರಾಗಿ. ಅಮೆರಿಕದಲ್ಲಿ 120 ವೋಲ್ಟ್, ನಮ್ಮ ಮಿಕ್ಸಿ ಅಲ್ಲಿ ನಡೆಯುವುದಿಲ್ಲ.

ಊರಿನಿಂದ ಏನೇನು ತಿಂಡಿ ಒಯ್ಯಬಹುದು?

ಯುರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪೇಡ ಎಲ್ಲ ಅದರಲ್ಲಿ ಬಂತು. ಹಸಿ ಕರಿಬೇವು ಕೂಡ ಬೇಡ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ವಿನಾಯಿತಿ ಇದೆ. ಆದರೆ ಒಣ ಕೊಬ್ಬರಿಯನ್ನು ವಿಮಾನದಲ್ಲೇ ಬಿಡುವುದಿಲ್ಲ, ಬೇಗ ಬೆಂಕಿ ಹತ್ತುವ ವಸ್ತು ಅನ್ನುತ್ತಾರೆ. ನ್ಯೂಜಿಲೆಂಡ್ ಇನ್ನೂ ಬಿಗಿ. ಜೇನುತುಪ್ಪ ಬೇಡ. ಉಳಿದ ಪ್ರತಿಯೊಂದು ತಿನ್ನುವ ವಸ್ತುವನ್ನೂ ಫಾರ್ಮಿನಲ್ಲಿ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಮುಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ.

ನಾವು ಒಯ್ದದ್ದು ಸಾರಿನ ಪುಡಿ, ತೆಳು ಅವಲಕ್ಕಿ, ಹುರಿದ ರವೆ, ಹುಣಸೆ, ಇಂಗು, ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ. ಉಪ್ಪಿನಕಾಯಿಯ ಬಾಟಲಿಗೆ ಮೂರು ಪದರ ಪ್ಲಾಸ್ಟಿಕ್ ಸುತ್ತಿ, ಮುಚ್ಚಳಕ್ಕೆ ಟೇಪ್ ಹಾಕಿ. ಅಕ್ಕಿ, ಬೇಳೆ, ಮೊಸರು ಎಲ್ಲ ಕಡೆ ಸಿಗುತ್ತದೆ. ಮಳೆ ಹೊಯ್ಯುತ್ತಿದ್ದ ಒಂದು ಸಂಜೆ, ಆಸ್ಟ್ರಿಯಾದ ಕೆರೆಯೊಂದರ ದಂಡೆಯಲ್ಲಿ ಬಿಸಿ ಗಂಜಿಗೆ ಒಂದು ಮಿಡಿ ನಂಜಿಕೊಂಡು ಉಂಡೆವು. ಇಡೀ ಪ್ರವಾಸದಲ್ಲಿ ನನಗೆ ಮೊದಲು ನೆನಪಾಗುವುದು ಅದೇ.

ಟೋಲ್, ಡೀಸೆಲ್, ಊರೊಳಗೆ ಓಡಾಟ?

ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದ ಹೆದ್ದಾರಿಗಳಿಗೆ ಮುಂಚೆಯೇ ವಿನ್ಯೆಟ್ ಅನ್ನುವ ಟೋಲ್ ಚೀಟಿ ಕೊಳ್ಳಬೇಕು. ಸ್ವಿಸ್‌ನಲ್ಲಿ ವರ್ಷಕ್ಕೆ 40 ಫ್ರಾಂಕ್, ಅದಕ್ಕಿಂತ ಕಡಿಮೆ ಅವಧಿಯದು ಇಲ್ಲ. ಗಾಡಿಗೆ ಆಗಲೇ ಇದೆಯಾ ಅಂತ ಬಾಡಿಗೆಯವರನ್ನು ಕೇಳಿ. ಇಟಲಿಯ ಹಳೆ ಪೇಟೆಗಳಲ್ಲಿ ಹೊರಗಿನ ಗಾಡಿಗೆ ಪ್ರವೇಶವಿಲ್ಲದ ವಲಯಗಳಿವೆ, ಕ್ಯಾಮೆರಾ ಫೋಟೋ ತೆಗೆಯುತ್ತದೆ, ದಂಡ ತಿಂಗಳುಗಳ ನಂತರ ಬರುತ್ತದೆ. ಊರ ಹೊರಗೆ ನಿಲ್ಲಿಸಿ ಬಸ್ಸಿನಲ್ಲಿ ಹೋಗಿ.

ಯುರೋಪಿನ ಬಂಕಿನಲ್ಲಿ ಡೀಸೆಲ್‌ಗೆ ಬಿ7, ಪೆಟ್ರೋಲ್‌ಗೆ ಇ5 ಅಥವಾ ಇ10 ಅಂತ ಬರೆದಿರುತ್ತದೆ. ಇನ್ನೊಂದು ಮುಖ್ಯ ವಿಷಯ. ಡೀಸೆಲ್ ಗಾಡಿಯ ಹೊಗೆ ಶುದ್ಧ ಮಾಡಲು ಹಾಕುವ ಆಡ್‌ಬ್ಲೂ ಎಂಬ ದ್ರವ ತುಂಬುವ ಮುಚ್ಚಳ ನೀಲಿ, ಎಷ್ಟೋ ಗಾಡಿಗಳಲ್ಲಿ ಕುಡಿಯುವ ನೀರಿನ ಮುಚ್ಚಳವೂ ನೀಲಿ. ಅದಕ್ಕೆ ಇದು, ಇದಕ್ಕೆ ಅದು ಹೋದರೆ ದೊಡ್ಡ ಖರ್ಚು. ಪೈಪು ಹಿಡಿಯುವ ಮುಂಚೆ ಇಬ್ಬರೂ ನೋಡಿ.

ದೋಣಿಯಲ್ಲಿ ಗಾಡಿ ದಾಟಿಸುವುದು ಹೇಗೆ?

ಸೇತುವೆ ಬರುವ ಮುಂಚೆ ಸಿಗಂದೂರು ಲಾಂಚಿನಲ್ಲಿ ಕಾರು ಹತ್ತಿಸಿದವರಿಗೆ ಇದು ಗೊತ್ತೇ ಇದೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಿಂದ ಪಿಕ್ಟನ್‌ಗೆ ಸುಮಾರು ಮೂರೂವರೆ ಗಂಟೆ. ಗಾಡಿಯ ಉದ್ದ ಸರಿಯಾಗಿ ಹೇಳಿ ಮುಂಗಡ ಕಾಯ್ದಿರಿಸಿ. ಹತ್ತುವ ಮುಂಚೆ ಗ್ಯಾಸ್ ಬಂದ್ ಮಾಡಿ. ಬೇಕಾದ ಮಾತ್ರೆ, ಸ್ವೆಟರ್ ಕೈಚೀಲದಲ್ಲಿರಲಿ, ಹಡಗು ಹೊರಟ ಮೇಲೆ ಗಾಡಿ ಹತ್ತಿರ ಬಿಡುವುದಿಲ್ಲ.

ಹುಷಾರು ತಪ್ಪಿದರೆ?

ಯುರೋಪಿನಲ್ಲಿ 112, ನ್ಯೂಜಿಲೆಂಡಿನಲ್ಲಿ 111. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಪೂರ್ತಿ ಪ್ರವಾಸಕ್ಕೂ ಮೇಲೆ ಹತ್ತು ದಿನಕ್ಕೂ ಆಗುವಷ್ಟು ಒಯ್ಯಿರಿ. ಡಾಕ್ಟರ ಚೀಟಿಯಲ್ಲಿ ಬ್ರಾಂಡ್ ಹೆಸರಲ್ಲ, ಔಷಧದ ಹೆಸರು ಇರಲಿ.

ವಾಪಸ್ ಕೊಡುವ ದಿನ ಏನು ಮಾಡಬೇಕು?

ಹಿಂದಿನ ರಾತ್ರಿ ಡಿಪೋದಿಂದ ಅರ್ಧ ಗಂಟೆ ದೂರದ ಕ್ಯಾಂಪ್‌ಸೈಟಿನಲ್ಲಿ ನಿಲ್ಲಿ. ಸಂಜೆಯೇ ಗುಡಿಸಿ ಒರೆಸಿ. ಟಾಯ್ಲೆಟ್ ಪೆಟ್ಟಿಗೆ, ಮಲಿನ ನೀರು ಎರಡೂ ಖಾಲಿ ಇರಬೇಕು, ಇಲ್ಲದಿದ್ದರೆ ಅದಕ್ಕೇ ಬೇರೆ ಶುಲ್ಕ ಹಾಕುತ್ತಾರೆ. ಡೀಸೆಲ್ ತುಂಬಿಸಿದ ರಸೀದಿ ಇಟ್ಟುಕೊಳ್ಳಿ. ಉಳಿದ ಅಕ್ಕಿ, ಎಣ್ಣೆ, ಉಪ್ಪನ್ನು ಪಕ್ಕದ ಗಾಡಿಯವರಿಗೆ ಕೊಡಿ, ಸಂತೋಷವಾಗಿ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಂದು ವಿಡಿಯೋ ಮಾಡಿ, ಛಾವಣಿಯದೂ ಸೇರಿಸಿ. ಹಾಸಿಗೆಯ ಕೆಳಗಿನ ಪೆಟ್ಟಿಗೆಗಳನ್ನು ಕೈ ಹಾಕಿ ನೋಡಿ. ನಮ್ಮ ಕುಕ್ಕರಿನ ವಿಷಲ್ ಅಲ್ಲೇ ಸಿಕ್ಕಿತು.